ನಾಲ್ಕನೆಯವನ ಬಿಲ್ಲೆಗಳು

ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ತಲೆ ನೆರೆಸಿಕೊಂಡವನಿಗೆ ಯಾರ ಮುಖವೂ ಮುಗ್ಧವಾಗಿ ಕಾಣುವುದಿಲ್ಲ. ಮೇಲಿನ ಬರ್ತಿನಲ್ಲಿ ಗೊರಕೆ ಹೊಡೆಯುವವನಿಗೆ ನಿಜವಾಗಿ ನಿದ್ದೆ ಬಂದಿದೆ ಎಂದು ನಾನು ಒಂದು ದಿನವೂ ನಂಬಿದವನಲ್ಲ. ಕಿಟಕಿಯಾಚೆ ತೀರಾ ಆಸಕ್ತಿಯಿಂದ ನೋಡುವವನನ್ನೇ ಮೊದಲು ಕೇಳುತ್ತಿದ್ದೆ. ‘ಸಂಶಯಾತ್ಮಾ ವಿನಶ್ಯತಿ’ ಎಂದು ನನ್ನ ಹೆಂಡತಿ ನೀಲಗಂಗಾ ಆಗಾಗ ಚುಚ್ಚುತ್ತಾಳೆ. ನನಗಂತೂ ಸಂಶಯವೇ ಅನ್ನ ಹಾಕಿದೆ. ನಿವೃತ್ತಿಯಾದ ಮೇಲೆ ಕೌಶಲ್ಯ ಆಟಗಳ ಮಂಡಳಿಯವರು ಚನ್ನವೀರಪ್ಪ ಗಾಣಿಗೇರ ಎಂಬ ನನ್ನನ್ನು ಹುಬ್ಬಳ್ಳಿಯ ತಮ್ಮ ಕೇಂದ್ರಕ್ಕೆ ಕರೆದುಕೊಂಡದ್ದೂ ಈ ಗುಣಕ್ಕಾಗಿಯೇ.

ಪೋಕರ್ ಅದೃಷ್ಟದ ಆಟವೋ ಜಾಣ್ಮೆಯ ಆಟವೋ ಎಂಬ ಹಳೆಯ ಜಗಳವನ್ನು ಆ ಹೊತ್ತಿಗಾಗಲೇ ಒಂದು ಕಡಗ ಬಗೆಹರಿಸಿತ್ತು. ಅಧಿಕೃತ ಪಂದ್ಯ ಆಡುವವರೆಲ್ಲ ಅದನ್ನು ಬಲಗೈಗೆ ತೊಡಬೇಕು. ಮನುಷ್ಯ ಏನಾದರೂ ಯೋಚಿಸುತ್ತಿರುವಷ್ಟು ಹೊತ್ತು ಮುಂಗೈಯ ನರಗಳಲ್ಲಿ ಒಂದು ಸಣ್ಣ ನಡುಕ ಇರುತ್ತದೆಯಂತೆ. ಮನಸ್ಸು ಗಟ್ಟಿಯಾದ ಕ್ಷಣ ಆ ನಡುಕ ನಿಲ್ಲುತ್ತದೆ. ಕೈ ಅಲುಗುವುದು ಆಮೇಲೆ. ಕಡಗ ಆ ಕ್ಷಣವನ್ನು ಹಿಡಿದು ನಮ್ಮ ಪರದೆಯ ಮೇಲೆ ಒಂದು ಹಳದಿ ಚುಕ್ಕಿ ಮೂಡಿಸುತ್ತಿತ್ತು. ಇಸ್ಪೀಟಿನ ಎಲೆ ನೋಡಿದ ಮೇಲೆ ಚುಕ್ಕಿ ಬಂದರೆ ಆಟಗಾರ ಯೋಚಿಸಿ ಆಡಿದ್ದಾನೆ ಎಂದರ್ಥ. ಎಲೆ ಎತ್ತುವ ಮೊದಲೇ ಬಂದರೆ ಅವನಿಗೂ ಇನ್ನೊಬ್ಬನಿಗೂ ಒಳಒಪ್ಪಂದ ಆಗಿದೆ ಎಂದರ್ಥ. ಹಾಗೆಂದು ಮಂಡಳಿಯವರು ಹೇಳುತ್ತಿದ್ದರು.

ಕಡಗದ ಜೊತೆಗೆ ಇನ್ನೊಂದು ಯಂತ್ರವಿತ್ತು. ನಾವು ಅದನ್ನು ತಕ್ಕಡಿ ಎನ್ನುತ್ತಿದ್ದೆವು. ಮೇಜಿನ ಮೇಲಿನ ಪಣದ ಬಿಲ್ಲೆಗಳನ್ನೆಲ್ಲ ಲೆಕ್ಕ ಹಾಕಿ, ಈ ಎಲೆ ಬಂದವನು ಈಗ ಬಿಲ್ಲೆ ನೂಕಬೇಕೋ ಆ ಸುತ್ತು ಬಿಟ್ಟು ಎಲೆ ಕೆಳಗಿಡಬೇಕೋ ಎಂದು ಅದು ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತಿತ್ತು. ಆಟಗಾರನಿಗಲ್ಲ, ನಮಗೆ ಮಾತ್ರ. ತಕ್ಕಡಿ ಒಂದು ಹೇಳಿ, ಆಟಗಾರ ಇನ್ನೊಂದು ಮಾಡಿ, ಚುಕ್ಕಿಯೂ ಮುಂಚೆಯೇ ಬಂದರೆ ಗಂಟೆ ಬಾರಿಸುತ್ತಿತ್ತು. ಆಗ ಮನುಷ್ಯನೊಬ್ಬ ನೋಡಿ ಕೆಂಪು ಗುಂಡಿಯನ್ನೋ ಹಸಿರು ಗುಂಡಿಯನ್ನೋ ಒತ್ತಬೇಕು. ಕೆಂಪು ಒತ್ತಿದರೆ ಆಟಗಾರನ ಫೋಟೋ ಎಲ್ಲ ಕೇಂದ್ರಗಳಲ್ಲೂ ‘ಮೋಸಗಾರ’ ಎಂದು ತೂಗುತ್ತದೆ, ಜೀವಮಾನದಲ್ಲಿ ಮತ್ತೆ ಆಡುವಂತಿಲ್ಲ.

ಒತ್ತುವ ಕೆಲಸಕ್ಕೆ ನಾವು ನಾಲ್ವರಿದ್ದೆವು. ಮಂಡಳಿ ಮಂಜೂರು ಮಾಡಿದ್ದು ಮೂರು ಕಾಯಂ ಹುದ್ದೆ, ಅವನ್ನೂ ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಒಬ್ಬರು ಹೋಗಲೇಬೇಕು. ಅರವತ್ತು ದಾಟಿದವನು ನಾನೊಬ್ಬನೇ ಆದ್ದರಿಂದ ಹೋಗುವವನು ಯಾರೆಂದು ಕೋಣೆಯ ಗೋಡೆಗಳಿಗೂ ಗೊತ್ತಿತ್ತು. ಆದರೆ ಕೇಂದ್ರದ ಮುಖ್ಯಸ್ಥರಾದ ಕಟ್ಟಿ ಸಾಹೇಬರು ನನ್ನನ್ನು ಕಳಿಸಿರಲಿಲ್ಲ. ಮೂರು ಮೂರು ತಿಂಗಳಿಗೆ ನನ್ನ ಕೆಲಸ ಮುಂದುವರಿಸುತ್ತಲೇ ಬಂದಿದ್ದರು. “ಈ ಸಲನೂ ಹೆಂಗೋ ಉಳಿಸೀನಿ ನೋಡ್ರಿ, ಗಾಣಿಗೇರ” ಎಂದು ಬೆನ್ನು ತಟ್ಟುತ್ತಿದ್ದರು. ಎಲ್ಲರನ್ನೂ ಸಂಶಯಿಸುವ ನಾನು ಅವರನ್ನು ಮಾತ್ರ ದೇವರಂಥ ಮನುಷ್ಯ ಎಂದುಕೊಂಡಿದ್ದೆ.

ಆ ಶನಿವಾರ ಮಧ್ಯಾಹ್ನ ದೊಡ್ಡ ಪಂದ್ಯದ ಕೊನೆಯ ಮೇಜಿನಲ್ಲಿ ನಾಲ್ವರು ಉಳಿದಿದ್ದರು. ಬಹುಮಾನ ಮೂವರಿಗೆ. ಅಂಥ ಹೊತ್ತಿನಲ್ಲಿ ಆಟದ ಹದವೇ ಬದಲಾಗುತ್ತದೆ. ಗೆದ್ದು ಬಿಲ್ಲೆ ಎರಡು ಪಟ್ಟು ಮಾಡಿಕೊಂಡರೂ ಬಹುಮಾನವೇನೂ ಎರಡು ಪಟ್ಟಾಗುವುದಿಲ್ಲ. ಇರುವುದನ್ನು ಕಳೆದುಕೊಂಡರೆ ಮಾತ್ರ ಬರಿಗೈ. ಅದಕ್ಕೇ ನೂರಾರು ಜನರನ್ನು ಸೋಲಿಸಿ ಬಂದ ಗಂಡೆದೆಯವರೂ ಅಲ್ಲಿ ಎಲೆಯ ತುದಿ ಎತ್ತಲು ಹೆದರುತ್ತಾರೆ.

ಮೇಜಿನ ಮೇಲಿದ್ದ ಬಿಲ್ಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಮೀಳಾ ಮೆಣಸಿನಕಾಯಿ ಎಂಬ ಹೆಂಗಸಿನ ಮುಂದಿದ್ದವು. ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸಿ ನಿವೃತ್ತಳಾದವಳು. ಇಳಕಲ್ ಸೀರೆ, ಕಾಲಿಗೆ ಓಟದ ಬೂಟು. ಎದುರಿಗೆ ಗದಗಿನ ಬೋಳುತಲೆಯ ವಕೀಲ. ಅವನ ಬಿಲ್ಲೆ ಒಂದು ಮುಷ್ಟಿಯಷ್ಟೂ ಇರಲಿಲ್ಲ. ನಡುವೆ ಇನ್ನಿಬ್ಬರು, ಒಬ್ಬ ಹೋಟೆಲ್ ಮಾಲೀಕ, ಒಬ್ಬ ಕೆಂಪು ಟೋಪಿಯವನು. ಇಬ್ಬರೂ ವಕೀಲ ಬೆವರು ಒರೆಸಿಕೊಳ್ಳುವುದನ್ನೇ ನೋಡುತ್ತಿದ್ದರು.

ವಕೀಲ ಇದ್ದದ್ದೆಲ್ಲ ಮುಂದೆ ನೂಕಿದ. ಉಳಿದಿಬ್ಬರು ಎಲೆ ಕೆಳಗಿಟ್ಟರು. ಪ್ರಮೀಳಾ ಇನ್ನು ನಾಲ್ಕು ಬಿಲ್ಲೆ ಹಾಕಿದ್ದರೆ ಅವನ ಎಲೆ ನೋಡಬಹುದಿತ್ತು. ಸೋತರೂ ಅವಳಿಗೆ ಗೀರು ಬೀಳುತ್ತಿರಲಿಲ್ಲ, ಗೆದ್ದರೆ ಅವನು ಮನೆಗೆ. ಎಂಥ ಎಲೆಯಿದ್ದರೂ ಹಾಕು ಎಂದು ತಕ್ಕಡಿ ಹೇಳಿತು. ಅವಳು ಕೆಳಗಿಟ್ಟಳು. ಸ್ವಲ್ಪ ಹೊತ್ತಿಗೆ ಮತ್ತೆ ಹಾಗೇ ಆಯಿತು. ಮೂರನೆಯ ಸಲ ಅವಳಿಗೆ ಜೋಡಿ ರಾಜ ಬಂದಿದ್ದರು, ಎಲೆ ಎತ್ತಿ ನೋಡುವ ಮುಂಚೆಯೇ ಹಳದಿ ಚುಕ್ಕಿ ಮೂಡಿಬಿಟ್ಟಿತ್ತು. ಜೋಡಿ ರಾಜರನ್ನು ಕಂಡೂ ಅವಳು ಕೆಳಗಿಟ್ಟಳು. ತಕ್ಕಡಿ ಗಂಟೆ ಬಾರಿಸಿತು.

“ಸಿಕ್ಕಳು” ಎಂದೆ ನಾನು.

ಪಕ್ಕದ ಕುರ್ಚಿಯ ರೋಹಿಣಿ ಪತ್ತಾರ ನಕ್ಕಳು. ನಮ್ಮಲ್ಲಿ ಚಿಕ್ಕವಳು, ಬಾಣಂತನ ಮುಗಿಯುವ ಮೊದಲೇ ಕೆಲಸಕ್ಕೆ ಓಡಿ ಬಂದವಳು. “ಕಾಕಾ, ನಿಮ್ಮ ಕೈಗೆ ಕಡಗ ಹಾಕಿದ್ರ, ಪರದೆ ನೋಡೂಕಿಂತ ಮೊದ್ಲ ಚುಕ್ಕಿ ಬರತೈತಿ” ಎಂದಳು. ಆಮೇಲೆ ದನಿ ತಗ್ಗಿಸಿ, “ಕೆಂಪು ಒತ್ತಿಬಿಡ್ರಿ. ಯಂತ್ರದ ಎದುರಿಗೆ ಹೋಗಿ ನಮಗೇನ ಆಗಬೇಕೈತಿ?” ಎಂದಳು.

ಅಷ್ಟರಲ್ಲಿ ಕಟ್ಟಿ ಸಾಹೇಬರು ಬಂದರು. ನಿಯಮದಂತೆ ಅಂದಿನ ಆಟ ನಿಲ್ಲಿಸಿ, ನನ್ನ ತೀರ್ಮಾನಕ್ಕೆ ಮರುದಿನ ಬೆಳಗಿನವರೆಗೆ ಸಮಯ ಕೊಟ್ಟರು. “ಅವಸರ ಬ್ಯಾಡ, ಗಾಣಿಗೇರ. ಆದ್ರ ಈ ವಾರನ ನಿಮ್ಮ ಮೂರು ತಿಂಗಳು ಮುಗೀತದ. ಅದೂ ಲಕ್ಷ್ಯದಾಗ ಇರ್ಲಿ” ಎಂದು ನಗುತ್ತ ಹೋದರು.

ಸಂಜೆ ಮನೆಯಲ್ಲಿ ರೊಟ್ಟಿ ಮುರಿಯುತ್ತ ಎಲ್ಲವನ್ನೂ ನೀಲಗಂಗಾಳಿಗೆ ಹೇಳಿದೆ. ಆಫೀಸಿನ ಗುಟ್ಟು ಹೊರಗೆ ಹೇಳಬಾರದು, ನಿಜ. ಆದರೆ ಮನೆಯವಳಿಗೆ ಹೇಳದ ಗುಟ್ಟು ನನಗೆ ಅರಗುವುದಿಲ್ಲ.

“ವಕೀಲಗ ಆಕಿ ಏನಾಗಬೇಕು? ಹಂಚಿಕೊಳ್ಳಾಕ ಒಪ್ಪಂದ ಮಾಡ್ಕೊಂಡಾರ. ಇಲ್ಲಾಂದ್ರ ಕೈಗೆ ಬಂದ ಮೀನನ್ನ ಯಾರರ ಹೊಳೀಗೆ ಬಿಡತಾರೇನು?” ಎಂದೆ.

ಅವಳು ಕಾಳುಪಲ್ಯ ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತಳು. “ನಮ್ಮ ತವರಮನ್ಯಾಗ ಬಿಡತಿದ್ರು.”

“ಏನ ಬಿಡತಿದ್ರು?”

“ಶಿವರಾತ್ರಿ ಜಾಗರಣಿಗೆ ಇಸ್ಪೀಟ ಆಡತಿದ್ವಲ್ಲ, ಹುಣಸೀ ಬೀಜ ಇಟ್ಟು. ಖಾಲಿ ಆದವರು ಎದ್ದು ಹೋಗಿ ಮಲಗಿಬಿಡತಾರ, ವ್ರತ ಕೆಡತೈತಿ ಅಂತ ದೊಡ್ಡಪ್ಪ ಒಂದು ರೂಢಿ ಮಾಡಿದ್ದ. ಕೋಳಿ ಕೂಗೂತನಕ ಯಾರದೂ ಕಡೀ ಬೀಜ ಕಸಗೊಳ್ಳಂಗಿಲ್ಲ. ಮೊದ್ಲ ಖಾಲಿ ಆದವರು ಮರುದಿನ ಇಡೀ ಮನೀ ಭಾಂಡಿ ತಿಕ್ಕಬೇಕಲ್ಲ, ಅದಕ್ಕ ಎಲ್ಲಾರಿಗೂ ಜೀವದಾಗ ಜೀವ ಇರತಿದ್ದಿಲ್ಲ. ನಮ್ಮವ್ವ ಆಟದಾಗ ದಡ್ಡಿ. ಆಕೀದು ಒಂದ ಬೀಜ ಉಳದಾಗ ದೊಡ್ಡಪ್ಪ ಬೇಕಂತ ಎಲಿ ಕೆಳಗ ಇಡತಿದ್ದ. ದೊಡ್ಡ ಮನಸಿನವ.” ಅವಳ ಕಣ್ಣು ಹೊಳೆಯುತ್ತಿದ್ದವು. “ಎಲಿ ನೋಡೂಕಿಂತ ಮೊದಲ ನಿಶ್ಚಯ ಮಾಡಿರತಿದ್ದ. ನಿಮ್ಮ ಯಂತ್ರ ಅಂವಗೂ ಕಳ್ಳ ಅಂತಿತ್ತೇನು?”

ಆ ಪ್ರಮೀಳಾ ಕೂಡ ಜಾಗರಣೆಯ ಚಾಪೆಯ ಮೇಲೆ ಆಟ ಕಲಿತವಳೇ ಇರಬಹುದಲ್ಲ? ಬಿದ್ದವನನ್ನು ತುಳಿಯಬಾರದೆಂಬ ಸಂಸ್ಕಾರವನ್ನು ಯಂತ್ರ ಮೋಸ ಎಂದು ಓದಿದೆಯಲ್ಲ ಎನಿಸಿ ಮನಸ್ಸು ಮೆತ್ತಗಾಯಿತು. ಎಷ್ಟೋ ವರ್ಷಕ್ಕೆ ಒಬ್ಬರನ್ನು ನಂಬುವ ಆಸೆಯಾಯಿತು, ಕುರ್ಚಿ ಹೋದರೂ ಹೋಗಲಿ ಎನ್ನುವಷ್ಟು.

ಭಾನುವಾರ ಬೆಳಿಗ್ಗೆ ಪ್ರಮೀಳಾಳನ್ನು ವಿಚಾರಣೆಗೆ ಕರೆಸಿದೆ. ಅವಳು ಕುರ್ಚಿಯಲ್ಲಿ ನೆಟ್ಟಗೆ ಕುಳಿತಳು.

“ಅಕ್ಕಾರ, ಆ ವಕೀಲರು ನಿಮಗ ಮೊದ್ಲಿಂದ ಪರಿಚಯ ಏನು?”

“ನಿನ್ನೆನ ನೋಡಿದ್ದು. ಮನಷ್ಯಾ ಬಾಳ ಬೆವರತಾನ.”

“ನಿಮ್ಮ ಮನ್ಯಾಗ ಶಿವರಾತ್ರಿಗೆ ಇಸ್ಪೀಟ ಆಡತಿದ್ರೇನು?”

“ಆಡತಿದ್ವಿ.”

“ಯಾರದೂ ಕಡೀ ಬಿಲ್ಲೆ ಕಸಗೋಬಾರದು, ಪಾಪ ಅಂತ... ಅಂಥಾ ರೂಢಿ ಏನರ ಇತ್ತೇನು?”

ಅವಳು ಕನ್ನಡಕ ತೆಗೆದು ನನ್ನನ್ನು ನೋಡಿದಳು. “ಅಣ್ಣಾರ, ನೀವು ನನಗ ತಪ್ಪಿಸಿಕೊಳ್ಳಾಕ ದಾರಿ ತೋರಸಾಕತ್ತೀರಿ. ಬಾಳ ಉಪಕಾರ ಆತು. ಆದ್ರ ಆ ದಾರಿ ನನಗ ಬ್ಯಾಡ. ನನಗ ಯಾರ ಮ್ಯಾಲೂ ದಯಾ ಬಂದಿಲ್ಲ. ನಾ ಇಲ್ಲಿ ಗೆಲ್ಲಾಕ ಬಂದೀನಿ.”

“ಮತ್ತ ಅಂವನ್ನ ಯಾಕ ಬಿಟ್ರಿ?”

“ಅಂವ ಇರೂತನಕ ಉಳದ ಇಬ್ಬರ ಮನಸಿನ್ಯಾಗ ಏನಿರತೈತಿ ಹೇಳ್ರಿ. ಇಂವ ಇವತ್ತಲ್ಲ ನಾಳೆ ಬೀಳತಾನ, ಅಲ್ಲೀತನಕ ಸುಮ್ನ ಕುಂತ್ರ ನಮಗ ಬಹುಮಾನ ಖಾತ್ರಿ ಅಂತ. ಹಂಗಾಗಿ ನಾ ಏನ ನೂಕಿದ್ರೂ ಅವರು ಎದುರು ಬರೂದಿಲ್ಲ. ಚಲೋ ಎಲಿ ಇದ್ರೂ ಕೆಳಗ ಇಡತಾರ. ಎಲಿ ಹಂಚಿದ ಒಂದೊಂದ ಕೈಗೂ ಅವರ ಬಿಲ್ಲೆ ನನ್ನ ಕಡೆ ಹರದು ಬರತೈತಿ. ವಕೀಲನ್ನ ಹೊರಗ ಹಾಕಿದ್ನಂದ್ರ? ಮರುಗಳಿಗೆನ ಇಬ್ಬರಿಗೂ ಧೈರ್ಯ ಬರತೈತಿ. ಅಂವ ಬಡಕಲ ಇದ್ದಷ್ಟೂ ನನಗ ಲಾಭ. ಸಾಯಬಾರದು, ಬಲಿಯಲೂಬಾರದು.”

“ಎಲಿ ನೋಡೂಕಿಂತ ಮೊದಲ ನಿಶ್ಚಯ ಮಾಡಿದ್ರಲ್ಲ?”

“ನಿಮ್ಮ ಯಂತ್ರ ಈ ಒಂದು ಕೈಯನ್ನಷ್ಟ ತೂಗತೈತಿ. ನಾ ಮುಂದಿನ ಕೈಗಳನ್ನೂ ತೂಗತೀನಿ. ಎಲಿ ಯಾವದ ಇದ್ರೇನು? ನಾ ಆ ಇಬ್ಬರ ಮಾರಿ ನೋಡಿ ಆಡಾಕತ್ತಿದ್ದೆ.”

ಅವಳು ಇದನ್ನು ಬೇಸಿಗೆಯ ಬಿಸಿಲಿನ ಬಗ್ಗೆ ಹೇಳಿದ ಹಾಗೆ ಹೇಳಿದಳು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಅಪರೂಪಕ್ಕೆ ಒಬ್ಬರಲ್ಲಿ ಕರುಣೆ ಕಂಡೆನೆಂದು ಹಿಗ್ಗಿದ್ದೆ, ಅದೂ ಹುಸಿಯಾಯಿತು. ಜೊತೆಗೆ ಹಳೆಯ ಬುದ್ಧಿ ಎದ್ದು ಕೂತಿತು. ಇದು ಕಟ್ಟಿದ ಕತೆಯೂ ಇರಬಹುದಲ್ಲ?

ಶನಿವಾರದ ಆಟವನ್ನು ಮೊದಲಿನಿಂದ ತಿರುಗಿಸಿ ನೋಡಿದೆ. ಅವಳು ವಕೀಲನನ್ನು ಬಿಟ್ಟ ಪ್ರತಿ ಸಲದ ನಂತರವೂ ಹೋಟೆಲ್ ಮಾಲೀಕ, ಕೆಂಪು ಟೋಪಿಯವನು ಇಬ್ಬರೂ ಒಳ್ಳೊಳ್ಳೆಯ ಎಲೆಗಳನ್ನು ಹೆದರಿ ಕೆಳಗಿಟ್ಟಿದ್ದರು. ಅವರ ಕಡಗಗಳ ಚುಕ್ಕಿ ಕೂಡ ಎಲೆ ನೋಡುವ ಮೊದಲೇ ಬಂದಿತ್ತು. ಆದರೆ ಹೆದರಿ ಬಿಡುವುದನ್ನು ತಕ್ಕಡಿ ಸರಿ ಎನ್ನುತ್ತಿದ್ದರಿಂದ ಅವರಿಗೆ ಗಂಟೆ ಬಾರಿಸಿರಲಿಲ್ಲ. ಅವಳ ರಾಶಿ ಮಾತ್ರ ಬೆಳೆಯುತ್ತ ಹೋಗಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕ್ರೂರ ಆಟವೇ ಸರಿ, ಆದರೆ ಮೋಸವಲ್ಲ. ನಾನು ಹಸಿರು ಒತ್ತಿದೆ.

ಮಧ್ಯಾಹ್ನ ಆಟ ಮುಂದುವರಿಯಿತು. ಬಿಲ್ಲೆ ಕರಗಿ ಬಡಕಲಾದ ಹೋಟೆಲ್ ಮಾಲೀಕ ವಕೀಲನಿಗಿಂತ ಮೊದಲೇ ಹೊರಬಿದ್ದ. ಕೊನೆಗೆ ಪ್ರಮೀಳಾ ಗೆದ್ದಳು. ಮೂರನೆಯ ಬಹುಮಾನ ಪಡೆದ ವಕೀಲ ಬಂದು ಅವಳಿಗೆ ಕೈಮುಗಿದು, “ನಿಮ್ಮ ದಯಾ, ಅಕ್ಕಾರ” ಎಂದ. ಅವಳು ಇಲ್ಲವೆನ್ನಲಿಲ್ಲ.

ಕಟ್ಟಿ ಸಾಹೇಬರು ಸಂಜೆ ನನ್ನನ್ನು ಕರೆದರು. ಎದುರಿಗೆ ಉಳಿದ ಮೂವರೂ ಇದ್ದರು. “ಯಂತ್ರದ ವಿರುದ್ಧ ಹಸಿರು ಒತ್ತೀರಿ. ಮ್ಯಾಲಿನವರು ನನ್ನ ಕೇಳತಾರ. ಇರ್ಲಿ, ನಾ ಇದ್ದೀನಲ್ಲ. ನಾಳೆ ಬಂದು ಇನ್ನ ಮೂರು ತಿಂಗಳಿಗೆ ಸಹಿ ಮಾಡ್ರಿ” ಎಂದರು. ನನ್ನ ಕಣ್ಣು ತುಂಬಿಬಂದವು. ರೋಹಿಣಿ ತಲೆ ತಗ್ಗಿಸಿ ಪರದೆ ಒರೆಸುತ್ತಿದ್ದಳು.

ಮನೆಗೆ ಬಂದು ಪ್ರಮೀಳಾಳ ಮಾತುಗಳನ್ನು ನೀಲಗಂಗಾಳಿಗೆ ಒಪ್ಪಿಸಿದೆ. ಅವಳು ನಗುತ್ತಾಳೆಂದುಕೊಂಡಿದ್ದೆ. ಅವಳು ಕಟ್ಟೆಯ ಮೇಲೆ ಕುಳಿತುಬಿಟ್ಟಳು.

“ದೊಡ್ಡಪ್ಪ ಒಂದ ವರ್ಷನೂ ಸೋತಿದ್ದಿಲ್ಲ” ಎಂದಳು.

“ಅಂದ್ರ?”

“ನಮ್ಮವ್ವ ಮೊದ್ಲ ಖಾಲಿ ಆಗಲಿ, ಭಾಂಡಿ ಆಕಿ ತಿಕ್ಕಲಿ ಅಂತ ನಾವೆಲ್ಲಾ ಕಾಯತಿದ್ವಿ. ಅದಕ್ಕ ದೊಡ್ಡಪ್ಪನ ಎದುರು ಯಾರೂ ಹೋಗತಿದ್ದಿಲ್ಲ. ಬೆಳಕ ಹರಿಯೂದ್ರಾಗ ಎಲ್ಲಾ ಬೀಜ ಅಂವನ ಮುಂದ. ಕೋಳಿ ಕೂಗಿದ ಕೂಡಲೆ ಅವ್ವನ ಕಡೀ ಬೀಜಾನೂ ಎತಗೋತಿದ್ದ. ಅವ್ವ ಸಾಯೂತನಕ ಅಂವನ್ನ ಹೊಗಳಿದ್ಲು. ಈ ಹಾಳಾದ ಮಾತು ನನಗ ಯಾಕ ಹೇಳಿದ್ರಿ?”

“ಆಟ ಅಲ್ಲೇನ, ನೀಲಾ...”

“ಆಟ ಅಲ್ಲ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ದಿಟ್ಟಿಸಿದಳು. “ಊರ ಮಂದೀನೆಲ್ಲಾ ಸಂಶೇ ಪಡತೀರಲ್ಲ, ಒಂದ ಮಾತ ಕೇಳತೀನಿ. ನಾಕ ಮಂದಿ ಇದ್ದೀರಿ, ಕುರ್ಚಿ ಮೂರು. ನಿಮ್ಮ ಸಾಹೇಬ್ರು ನಿಮ್ಮನ್ನ ಯಾಕ ಉಳಿಸ್ಯಾರ?”

ರೋಹಿಣಿ ಎಳೆಗೂಸನ್ನು ಬಿಟ್ಟು ಬೇಗ ಬಂದದ್ದು, ಉಳಿದಿಬ್ಬರು ರಜೆಯ ದಿನವೂ ತುಟಿಪಿಟಕ್ಕೆನ್ನದೆ ದುಡಿದದ್ದು, ಕಾಯಂ ಮಾಡಿ ಎಂದು ಒಬ್ಬರೂ ಕೇಳದೆ ಇದ್ದದ್ದು, ಎಲ್ಲ ಕಣ್ಣಮುಂದೆ ಬಂತು. ಮುದುಕ ಮೊದಲು ಹೋಗಲಿ, ಅಲ್ಲಿಯವರೆಗೆ ಉಸಿರೆತ್ತುವುದು ಬೇಡ ಎಂದು ಮೂವರೂ ಕಾಯುತ್ತಿದ್ದರು. ಯಂತ್ರದ ವಿರುದ್ಧ ಅವರು ಒಂದು ಸಲವೂ ಹಸಿರು ಒತ್ತಿದ್ದನ್ನು ನಾನು ನೋಡಿರಲಿಲ್ಲ. ನನ್ನನ್ನು ಬೀಳಲೂ ಬಿಡದೆ, ಬಲಿಯಲೂ ಬಿಡದೆ ಸಾಹೇಬರು ಅವರ ಹೆದರಿಕೆಯ ಮೇಲೆ ಕೇಂದ್ರ ನಡೆಸುತ್ತಿದ್ದರು. ನಾನು ಅದಕ್ಕೆ ಕಣ್ಣೀರು ಹಾಕಿ ಕೈಮುಗಿದಿದ್ದೆ. ಟಿಕೆಟಿಲ್ಲದವನನ್ನು ಬೋಗಿಯ ಆಚೆ ತುದಿಯಿಂದ ಗುರುತಿಸುತ್ತಿದ್ದ ನನ್ನ ಕಣ್ಣಿಗೆ ಮಣ್ಣು ಬೀಳಲಿ.

“ಈಗ ಏನ ಮಾಡ್ಲಿ?” ಎಂದೆ.

“ನಿಮ್ಮ ಹತ್ರ ಎಷ್ಟ ಬಿಲ್ಲೆ ಉಳದಾವು?”

“ಮೂರು ತಿಂಗಳು.”

“ಕುಂತು ಒಂದೊಂದ ಕಳಕೋತೀರೋ, ಎಲ್ಲಾ ಒಮ್ಮೆ ನೂಕತೀರೋ, ನಿಮಗ ಬಿಟ್ಟಿದ್ದು” ಎಂದು ಅವಳು ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ಕೋಣೆಯಲ್ಲಿ ಎಲ್ಲರೂ ಇದ್ದರು. ಕಟ್ಟಿ ಸಾಹೇಬರು ತಾವೇ ಬಂದು ನನ್ನ ಮುಂದೆ ಕಾಗದ ಚಾಚಿ ಪೆನ್ನು ಕೊಟ್ಟರು. ನಾನು ಪೆನ್ನು ಮೇಜಿನ ಮೇಲಿಟ್ಟೆ.

“ಸಾಹೇಬ್ರ, ಇನ್ನ ಮೂರು ತಿಂಗಳಿನ ಸಹಿ ನಾ ಮಾಡೂದಿಲ್ರಿ. ನನ್ನ ಇಟಗೊಳ್ಳೂದಿದ್ರ ಇನ್ನೊಂದು ಹುದ್ದೆ ತರಿಸಿ ಇಟಗೋರಿ. ತಗಿಯೂದಿದ್ರ ಇವತ್ತ ತಗೀರಿ. ಈ ಮೂವರದು ಇವತ್ತ ಕಾಯಂ ಆಗ್ಲಿ.”

ಸಾಹೇಬರ ನಗು ಹಾಗೇ ಇತ್ತು. “ಏನಾತ್ರೀ ನಿಮಗ? ಇಷ್ಟ ದಿವಸದಾಗ ನಾ ಒಮ್ಮೆಯರೆ ನಿಮ್ಮನ್ನ ತಗದೇನೇನು?”

“ಇಲ್ರಿ. ಅದಕ್ಕ ಕೇಳಾಕತ್ತೀನಿ.”

ಸಾಹೇಬರು ಮೂವರ ಕಡೆಗೊಮ್ಮೆ ನೋಡಿದರು, ಆಮೇಲೆ ನನ್ನ ಕಡೆಗೆ. ಅವರ ನಗು ಮೆಲ್ಲಗೆ ಕರಗಿತು. ಇಷ್ಟು ಜನರೆದುರು ನಾನು ಅವರ ಆಟ ಬಯಲು ಮಾಡಿದ ಮೇಲೆ ನನ್ನನ್ನು ಉಳಿಸಿಕೊಂಡರೂ ಅವರಿಗೆ ಉಪಯೋಗವಿರಲಿಲ್ಲ.

“ಹಂಗಾದ್ರ ನೀವು ಹೋಗಬಹುದು, ಗಾಣಿಗೇರ” ಎಂದರು. “ಉಳಿದವರು ಕೆಲಸ ಮಾಡ್ರಿ.”

ನಾನು ಊಟದ ಡಬ್ಬಿ ಎತ್ತಿಕೊಂಡೆ. ಎದೆಯಲ್ಲಿ ಏನೋ ಕಳಚಿಬಿದ್ದ ಹಾಗಾಯಿತು. ದುಃಖವೇ ಹೆಚ್ಚು, ಸುಳ್ಳು ಹೇಳಲಾರೆ. ಮೂವರಲ್ಲಿ ಯಾರಾದರೂ ಒಂದು ಮಾತಾಡಬಹುದೆಂದು ಬಾಗಿಲವರೆಗೆ ನಿಧಾನಕ್ಕೆ ನಡೆದೆ. ಯಾರೂ ಮಾತಾಡಲಿಲ್ಲ. ಇದ್ದ ಬಿಲ್ಲೆಯನ್ನೆಲ್ಲ ಇವರಿಗಾಗಿಯೇ ನೂಕಿದೆನೋ ನನ್ನ ಹಟಕ್ಕಾಗಿ ನೂಕಿದೆನೋ ಎಂದು ನನ್ನ ಮೇಲೇ ಸಂಶಯ ಬಂತು. ಬಾಗಿಲು ತೆರೆದು ಹೊರಗೆ ಕಾಲಿಟ್ಟೆ.

ಹಿಂದೆ ಕುರ್ಚಿ ಸರಿದ ಸದ್ದಾಯಿತು.

“ಸರ್” ಎಂದಳು ರೋಹಿಣಿ. “ಹೋದ ತಿಂಗಳು ಆಡಾಕ ಬಂದಿದ್ದ ಆ ಮೂಡಲಗಿ ಮಾಸ್ತರಗ ನಾ ಕೆಂಪು ಒತ್ತೀನಲ್ರಿ. ಅವರು ಮೋಸ ಮಾಡಿದ್ದಿಲ್ಲ. ನನಗ ಅವತ್ತ ಗೊತ್ತಿತ್ತು. ಅವರ ಫೋಟೋ ಇವತ್ತ ಇಳಿಸಬೇಕು.”

ಸಾಹೇಬರು ಏನೋ ಹೇಳಹೊರಟರು. ಅಷ್ಟರಲ್ಲಿ ಇನ್ನೊಂದು ಕುರ್ಚಿ ಸರಿಯಿತು. “ನಂದೂ ಅಂಥಾ ಕೆಂಪು ಎರಡ ಅದಾವ್ರಿ” ಎಂದಿತು ಮತ್ತೊಂದು ದನಿ.